ಸತ್ಯಾಂಶ: ಋತುಬಂಧದ ಸೆಕೆ ಎಲ್ಲರಿಗೂ ಎರಡೇ ವರ್ಷವೇ?

ಮುಟ್ಟು ನಿಲ್ಲುವ ಕಾಲದಲ್ಲಿ ಮೈ ಬಿಸಿಯೇರಿ ಬೆವರುವುದು ಎಲ್ಲ ಹೆಂಗಸರಿಗೂ ಒಂದೇ ಬಗೆ, ಒಂದೆರಡು ವರ್ಷ ಸಹಿಸಿಕೊಂಡರೆ ತಾನಾಗಿಯೇ ಹೋಗುತ್ತದೆ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಮತ್ತೆ ಮತ್ತೆ ಬರುತ್ತಿದೆ. ಧೈರ್ಯ ತುಂಬಲೆಂದೇ ಅದನ್ನು ಕಳುಹಿಸುತ್ತಾರೆ. ಆದರೆ ಅದು ಸರಿಯಲ್ಲ.

ಅಮೆರಿಕದಲ್ಲಿ 1990ರ ದಶಕದಿಂದ ಸುಮಾರು 3,300 ಮಹಿಳೆಯರನ್ನು ವರ್ಷಗಳ ಕಾಲ ಗಮನಿಸಿದ ಅಧ್ಯಯನದಲ್ಲಿ, ಪದೇ ಪದೇ ಸೆಕೆ ಏರುತ್ತಿದ್ದವರ ಪೈಕಿ ಅರ್ಧದಷ್ಟು ಮಂದಿಗೆ ಅದು 7 ವರ್ಷಕ್ಕೂ ಮಿಕ್ಕಿ ಕಾಡಿತ್ತು. ಈ ಅವಧಿ ಬಿಳಿಯ ಮಹಿಳೆಯರಲ್ಲಿ ಸುಮಾರು 6.5 ವರ್ಷವಾದರೆ ಕಪ್ಪು ಮಹಿಳೆಯರಲ್ಲಿ 10 ವರ್ಷ. ಹೀಗಿದ್ದೂ ಈ ಸೆಕೆಯನ್ನು ತಗ್ಗಿಸುವ ಹಾರ್ಮೋನ್ ಚಿಕಿತ್ಸೆ ಅಲ್ಲಿ ಕಪ್ಪು ಮಹಿಳೆಯರಿಗೆ ದೊರೆಯುವುದು ಬಿಳಿಯರಿಗಿಂತ ಕಡಿಮೆ, ಮತ್ತು ಇದು ನಿಜಕ್ಕೂ ಅನ್ಯಾಯ. ಆ ಅಧ್ಯಯನದಲ್ಲಿದ್ದ ಐದು ಜನಾಂಗೀಯ ಗುಂಪುಗಳಲ್ಲಿ ಭಾರತೀಯ ಮೂಲದವರ ಗುಂಪು ಇರಲಿಲ್ಲವೆಂಬುದನ್ನು ಅಲ್ಲಿ ನೆಲೆಸಿರುವ ನಮ್ಮ ಅಕ್ಕತಂಗಿಯರು ನೆನಪಿಡಬೇಕು.

ಇಂಥ ಸಂದೇಶ ಬಂದಾಗ ಎಷ್ಟು ಮಂದಿಯನ್ನು, ಯಾವ ಸಮುದಾಯದವರನ್ನು, ಎಷ್ಟು ವರ್ಷ ನೋಡಿ ಹೇಳಿದ್ದೆಂದು ಹುಡುಕಿ. ಉತ್ತರವಿಲ್ಲದಿದ್ದರೆ ಮುಂದೆ ಕಳುಹಿಸಬೇಡಿ. ರಾತ್ರಿ ಎರಡು ಗಂಟೆಗೆ ದಿಂಬು ಒದ್ದೆಯಾಗಿ ಎಚ್ಚರವಾದರೆ ಆ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತಿಸಿ, ಆ ಹಾಳೆಯನ್ನೇ ವೈದ್ಯರಿಗೆ ತೋರಿಸಿ. ಮುಟ್ಟು ನಿಂತು ವರ್ಷವಾದ ಮೇಲೆ ರಕ್ತಸ್ರಾವ ಕಂಡರಂತೂ ಕಾಯದೆ ಹೋಗಬೇಕು.