ಟ್ಯೂಬ್ ಎರಡು ನಿಮಿಷಕ್ಕೆ ಸಿಗುತ್ತದೆ, ಡಾಕ್ಟರ್ ಸಿಗುವುದಿಲ್ಲ

ನಿನ್ನೆ ಸಂಜೆ ಅತ್ತೆಯವರ ಬಿಪಿ ಮಾತ್ರೆ ತರಲು ಮೆಡಿಕಲ್‌ಗೆ ಹೋಗಿದ್ದೆ. ಬಂದಾಗಿನಿಂದ ಮನಸ್ಸು ಸರಿ ಇಲ್ಲ. ರಾತ್ರಿ ನಿದ್ದೆಯೂ ಹತ್ತಲಿಲ್ಲ. ಬರೆದರಾದರೂ ಸ್ವಲ್ಪ ಹಗುರಾದೀತು ಅಂತ ಕೂತಿದ್ದೇನೆ. ಉದ್ದ ಆಗುತ್ತದೆ, ಪೂರ್ತಿ ಓದಿ.

ವಾಕಡ್‌ನ ನಮ್ಮ ರಸ್ತೆಯ ಕೊನೆಗೆ ಎರಡು ದೊಡ್ಡ ಬಿಲ್ಡಿಂಗ್ ಏಳುತ್ತಿವೆ. ಅಲ್ಲಿ ದುಡಿಯುವವರಲ್ಲಿ ನಮ್ಮ ಕಡೆಯ ಜನ ಬಹಳ. ಯಾದಗಿರಿ, ಕಲಬುರಗಿ, ವಿಜಯಪುರ. ಸಂಜೆ ಆ ಕಡೆ ಹೋದರೆ ಪುಣೆಯಲ್ಲಿದ್ದೇನೆ ಅನ್ನೋದೇ ಮರೆತು ಹೋಗುತ್ತದೆ, ಅಷ್ಟು ಕನ್ನಡ ಕೇಳಿಸುತ್ತದೆ.

ಮೆಡಿಕಲ್‌ನಲ್ಲಿ ನನ್ನ ಮುಂದೆ ಅಂಥ ಒಬ್ಬಳು ಹುಡುಗಿ ನಿಂತಿದ್ದಳು. ಇಪ್ಪತ್ತೈದರ ಒಳಗೇ ಇರಬೇಕು. ಸೀರೆಯ ಮೇಲೆ ಗಂಡಸರ ಅಂಗಿ, ಅಂಗಿ ತುಂಬ ಸಿಮೆಂಟ್ ಧೂಳು. ಸೆರಗಿನ ಗಂಟು ಬಿಚ್ಚಿ ಒಂದು ಹಳೆಯ ಟ್ಯೂಬ್ ತೆಗೆದು ಕೌಂಟರ್ ಮೇಲಿಟ್ಟಳು. ಕೆಳಗಿನಿಂದ ಸುತ್ತಿ ಸುತ್ತಿ ಖಾಲಿ ಮಾಡಿದ್ದು. ಆಮೇಲೆ ಬ್ಲೇಡಿನಿಂದ ಸೀಳಿ ಒಳಗೆ ಅಂಟಿಕೊಂಡಿದ್ದನ್ನೂ ಬಳಿದಿದ್ದಳು. ಅಂಗಡಿಯವನು ತಲೆ ಎತ್ತಲಿಲ್ಲ. ಡ್ರಾಯರ್ ಎಳೆದ, ಅದೇ ಟ್ಯೂಬ್ ಹೊಸದನ್ನು ಅವಳ ಮುಂದೆ ಹಾಕಿದ. ಅವಳು ದುಡ್ಡು ಎಣಿಸುವಾಗ ಕೈ ನೋಡಿದೆ.

ಬೆರಳಿನ ಗೆಣ್ಣು ಗೆಣ್ಣಿಗೂ ಸೀಳು. ಅಂಗೈ ದಪ್ಪಗಾಗಿ, ಮಳೆ ಕಾಣದ ಎರೆಹೊಲದ ಹಾಗೆ ಬಿರಿದಿತ್ತು. ಮುಂಗೈ ಮಾತ್ರ ಬೇರೆ. ಅಲ್ಲಿ ಚರ್ಮ ಈರುಳ್ಳಿಯ ಒಳಪೊರೆಯ ಹಾಗೆ ತೆಳ್ಳಗೆ ಮಿಂಚುತ್ತಿತ್ತು, ನರಗಳು ಎದ್ದು ಕಾಣುತ್ತಿದ್ದವು. ಆ ತೆಳು ಚರ್ಮ ನನಗೆ ಚೆನ್ನಾಗಿ ಗೊತ್ತು. ಐದು ವರ್ಷ ಅದು ನನ್ನ ಮುಖದ ಮೇಲಿತ್ತು.

ತಡೆಯಲಾಗದೆ ಮಾತಾಡಿಸಿದೆ. "ಯಾವೂರವ್ವಾ?"

"ಯಾದಗಿರಿ ಹತ್ರ ರೀ ಅಕ್ಕಾ."

"ಡಾಕ್ಟರಿಗೆ ತೋರ್ಸೀಯೇನು?"

"ಒಮ್ಮಿ ತೋರ್ಸೀನ್ರಿ. ಇದ ಹಚ್ಚಿದ್ರ ನಾಕ್ ದಿನ ಆರಾಮ್ ಇರ್ತದ. ಬಿಟ್ರ ಮತ್ತ ತಿಂಡಿ ಹತ್ತತದ. ರಾತ್ರಿ ಮಲಗಾಕ ಆಗಂಗಿಲ್ಲ."

ತಿಂಡಿ ಅಂದರೆ ನಮ್ಮ ಕಡೆ ತುರಿಕೆ. ಎರಡೂವರೆ ವರ್ಷದಿಂದ ಆ ತುರಿಕೆ, ಆ ಟ್ಯೂಬು.

ಅದು ಸ್ಟೀರಾಯ್ಡ್, ಆ್ಯಂಟಿಬಯಾಟಿಕ್, ಫಂಗಸ್ ಔಷಧಿ ಮೂರನ್ನೂ ಕಲಸಿದ ಮುಲಾಮು. ಸ್ಟೀರಾಯ್ಡ್ ಕೂಡ ಅತ್ಯಂತ ಜೋರಿನ ಗುಂಪಿನದು. ತುಂಬ ದಿನ ಹಚ್ಚಿದರೆ ಚರ್ಮ ಹಾಗೆ ತೆಳ್ಳಗಾಗುವುದು ಅದರಿಂದಲೇ. ಅಂಗಡಿಯವನಿಗೆ ನನಗೆ ಬರುವ ಮರಾಠಿಯಲ್ಲೇ ಕೇಳಿದೆ, ಡಾಕ್ಟರ ಚೀಟಿ ಎಲ್ಲಿ ಅಂತ. ಅವನು ಜಗಳಕ್ಕೇನೂ ಬರಲಿಲ್ಲ. "ತಾಈ, ಮೀ ನಾಹೀ ದಿಲಾ ತರ ದುಸರಾ ದೇಈಲ" ಅಂದ. ನಾನು ಕೊಡದಿದ್ದರೆ ಇನ್ನೊಬ್ಬ ಕೊಡುತ್ತಾನೆ. ಸಮಾಧಾನವಾಗಿಯೇ ಹೇಳಿದ. ಅದಕ್ಕೇ ಇನ್ನೂ ಸಿಟ್ಟು ಬಂತು.

2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿತು. ಅಂದರೆ ಚೀಟಿ ಇಲ್ಲದೆ ಮಾರುವ ಹಾಗಿಲ್ಲ. ಚರ್ಮರೋಗ ತಜ್ಞರ ಸಂಘದವರು ವರ್ಷಗಟ್ಟಲೆ ಇದರ ಹಿಂದೆ ಬಿದ್ದಿದ್ದರು. ಕಾನೂನು ಬಂತು. ಟ್ಯೂಬ್ ಮಾತ್ರ ಡ್ರಾಯರ್‌ನಿಂದ ಹಾಗೇ ಬರುತ್ತಿದೆ, ಕೊತ್ತಂಬರಿ ಕಟ್ಟು ಕೊಟ್ಟ ಹಾಗೆ.

ನನ್ನ ಮುಖದ ಕಥೆ ನಿಮ್ಮಲ್ಲಿ ಹಲವರಿಗೆ ಗೊತ್ತು. ಮಗಳ ಮೊದಲ ಹುಟ್ಟುಹಬ್ಬದ ಫೋಟೋದಲ್ಲಿ ನಾನು ಯಾಕಿಲ್ಲ ಅಂತ ಎಷ್ಟೋ ಜನ ಕೇಳಿದ್ದಿರಿ. ಇದಕ್ಕೇ ಇರಲಿಲ್ಲ. ಗದಗಿನಲ್ಲಿದ್ದಾಗಲೂ ನನ್ನದು ನಾಜೂಕು ಮೈ. ಹೊಸ ಸೋಪು ಹಚ್ಚಿದರೆ ಉರಿ, ಗಿಲೀಟಿನ ಓಲೆ ಹಾಕಿದರೆ ಕಿವಿ ಸೋರೋದು. ಅವ್ವ ಕೊಬ್ಬರಿ ಎಣ್ಣೆ ಹಚ್ಚಿ ಸುಮ್ಮನಾಗುತ್ತಿದ್ದಳು. ಪುಣೆಗೆ ಬಂದ ಎರಡನೇ ವರ್ಷ, ಜೂನ್‌ನಲ್ಲಿ ಮಳೆ ಬಿದ್ದು ಸ್ವಲ್ಪ ದಿನಕ್ಕೆ, ಕಣ್ಣಿನ ರೆಪ್ಪೆ ಊದಿತು. ಆಮೇಲೆ ಕುತ್ತಿಗೆ, ಮೊಣಕೈ ಮಡಿಕೆ. ಕೆಂಪಗೆ ಎದ್ದು, ನೀರೊಡೆದು, ಒಣಗಿ, ಹಕ್ಕಳೆ ಕಟ್ಟಿ ಉದುರೋದು. ದೀಪಾವಳಿ ಹೊತ್ತಿಗೆ ಕಡಿಮೆ ಆಗುತ್ತಿತ್ತು. ಮುಂದಿನ ಮಳೆಗಾಲಕ್ಕೆ ಮತ್ತೆ ಶುರು.

ಐದು ವರ್ಷದಲ್ಲಿ ಏಳು ಡಾಕ್ಟರನ್ನು ಕಂಡೆ. ಮೊದಲನೆಯವರು ನೀರು ಬದಲಾದದ್ದಕ್ಕೆ ಅಂದರು. ಎರಡನೆಯವರು ಬಿಸಿಲಿನ ಅಲರ್ಜಿ ಅಂದರು. ಒಬ್ಬರು ಮನೆಯಲ್ಲಿ ಅತ್ತೆ ಜೊತೆ ಏನಾದರೂ ಟೆನ್ಶನ್ ಇದೆಯಾ ಅಂತ ಕೇಳಿದರು, ಪಕ್ಕದಲ್ಲಿ ಅತ್ತೆಯೇ ಕೂತಿದ್ದರು. ಎಲ್ಲರೂ ಮೇಜಿನ ಆಚೆಯಿಂದಲೇ ನೋಡಿದರು. ಒಬ್ಬರೂ ಮುಟ್ಟಲಿಲ್ಲ. ಎಲ್ಲರೂ ಟ್ಯೂಬ್ ಬರೆದರು. ಎಷ್ಟು ಹಚ್ಚಬೇಕು, ಎಷ್ಟು ದಿನ ಹಚ್ಚಬೇಕು, ಯಾವಾಗ ನಿಲ್ಲಿಸಬೇಕು ಅಂತ ಯಾರೂ ಹೇಳಲಿಲ್ಲ. ಬೆರಳಿನ ತುದಿಯ ಗೆಣ್ಣಿನಷ್ಟು ಉದ್ದ ಹಿಂಡಿದರೆ ಸುಮಾರು ಅರ್ಧ ಗ್ರಾಂ, ಅದು ಎರಡು ಅಂಗೈ ಅಗಲದ ಜಾಗಕ್ಕೆ ಸಾಕು. ಇಷ್ಟು ಹೇಳೋಕೆ ಎಷ್ಟು ಹೊತ್ತು ಬೇಕು? ನನಗೆ ಇದು ಗೊತ್ತಾಗಿದ್ದು ಆರನೇ ವರ್ಷ.

ನಾನು ಮಾಡಿದ್ದೇನು ಗೊತ್ತಾ? ಡಾಕ್ಟರ ಹತ್ತಿರ ಮತ್ತೆ ಹೋಗುವ ಬದಲು ಅದೇ ಮೆಡಿಕಲ್‌ಗೆ ಹೋಗಿ ಅದೇ ಟ್ಯೂಬ್ ತಂದೆ. ನಿನ್ನೆಯ ಆ ಹುಡುಗಿಯ ಹಾಗೇ ಖಾಲಿ ಟ್ಯೂಬ್ ತೋರಿಸಿ. ಹಚ್ಚಿದರೆ ತಂಪು, ಬಿಟ್ಟರೆ ಮುಖಕ್ಕೆ ಬೆಂಕಿ. ಬೆಂಕಿ ಅಂತ ಸುಮ್ನೆ ಹೇಳುತ್ತಿಲ್ಲ. ಒಗ್ಗರಣೆ ಹಾಕಲು ಒಲೆ ಮುಂದೆ ನಿಲ್ಲಲು ಆಗುತ್ತಿರಲಿಲ್ಲ. ಕಣ್ಣಿನ ರೆಪ್ಪೆಯ ಚರ್ಮ ಇಡೀ ಮೈಯಲ್ಲೇ ತೀರಾ ತೆಳು. ಅಲ್ಲಿಗೆ ನಾನು ವರ್ಷಗಟ್ಟಲೆ ಜೋರಿನ ಸ್ಟೀರಾಯ್ಡ್ ಹಚ್ಚಿದೆ. ಅದರಿಂದ ಕಣ್ಣಿನ ಒತ್ತಡ ಏರಬಹುದು, ಪೊರೆ ಬರಬಹುದು ಅಂತ ಆಗ ಯಾರೂ ಹೇಳಲಿಲ್ಲ.

ಕೊನೆಗೆ ಸಿಕ್ಕವರು ಒಬ್ಬ ವಯಸ್ಸಾದ ಡಾಕ್ಟರಮ್ಮ. ಹಳೇ ಪೇಟೆಯಲ್ಲಿ ಸಣ್ಣ ಕ್ಲಿನಿಕ್. ನನ್ನನ್ನು ಎಬ್ಬಿಸಿ ಕಿಟಕಿಯ ಬೆಳಕಿಗೆ ನಿಲ್ಲಿಸಿದರು. ಗದ್ದ ಎತ್ತಿ ಕೆಳಗೆ ಬೆರಳಾಡಿಸಿದರು. ಕಿವಿ ಮಡಚಿ ಹಿಂದೆ ನೋಡಿದರು. ಬಿಸಿಲಿನ ಅಲರ್ಜಿ ಆದರೆ ಗದ್ದದ ಕೆಳಗೆ, ಕಿವಿಯ ಹಿಂದೆ, ನೆರಳಿರುವ ಜಾಗ ಸಾಮಾನ್ಯವಾಗಿ ಉಳಿದುಕೊಳ್ಳುತ್ತದೆ, ಗಾಳಿಯಲ್ಲಿ ಬರುವುದಾದರೆ ಅಲ್ಲೂ ಬಿಡುವುದಿಲ್ಲ ಅಂದರು. ಯಾವ ತಿಂಗಳು ಶುರು ಆಗುತ್ತದೆ, ಊರಿಗೆ ಹೋದರೆ ಹೇಗಿರುತ್ತದೆ, ಮನೆ ಪಕ್ಕ ಖಾಲಿ ಸೈಟ್ ಇದೆಯಾ ಅಂತ ಕೇಳಿದರು. ಐದು ವರ್ಷದಲ್ಲಿ ಮೊದಲ ಸಲ ಒಬ್ಬರು ನನ್ನ ಚರ್ಮ ಮುಟ್ಟಿದರು. ನಾನು ಅಲ್ಲೇ ಅತ್ತುಬಿಟ್ಟೆ.

ಯಾವುದು ಮೈಗೆ ಆಗುವುದಿಲ್ಲ ಅಂತ ಹುಡುಕುವ ಪ್ಯಾಚ್ ಟೆಸ್ಟ್ ಮಾಡಿಸಿದರು. ಬೆನ್ನ ಮೇಲೆ ಇಪ್ಪತ್ತರಷ್ಟು ಸಣ್ಣ ಸಣ್ಣ ಬಿಲ್ಲೆಗಳನ್ನು ಟೇಪ್ ಹಾಕಿ ಅಂಟಿಸುತ್ತಾರೆ. ಒಂದೊಂದರಲ್ಲಿ ಒಂದೊಂದು ವಸ್ತು. ಬೆನ್ನಿಗೆ 48 ಗಂಟೆ ನೀರು ತಾಕಿಸುವ ಹಾಗಿಲ್ಲ, ಬೆವರಬಾರದು. ಎರಡನೇ ರಾತ್ರಿ ಎಡ ಹೆಗಲ ಕೆಳಗೆ ಒಂದೇ ಒಂದು ಜಾಗ ಕೊರೆಯಲು ಶುರುವಾಯಿತು. ಟೇಪ್ ತೆಗೆದು, ಮತ್ತೆರಡು ದಿನ ಬಿಟ್ಟು ಇನ್ನೊಮ್ಮೆ ನೋಡಿದರು. ಅಲ್ಲಿ ಕಡಲೆಕಾಳಿನಷ್ಟು ಕೆಂಪಗೆ ಗುಳ್ಳೆ ಎದ್ದಿತ್ತು. ಪಾರ್ಥೇನಿಯಂ. ನಮ್ಮ ಕಾಂಗ್ರೆಸ್ ಕಸ. ಇಲ್ಲಿಯವರು ಗಾಜರ್ ಗವತ್ ಅನ್ನುತ್ತಾರೆ, ಎಲೆ ಗಜ್ಜರಿ ಎಲೆಯ ಹಾಗಿದೆ ಅಂತ.

ನಮ್ಮ ಅಡುಗೆಮನೆ ಕಿಟಕಿಯ ಕೆಳಗಿನ ಖಾಲಿ ಸೈಟ್ ತುಂಬ ಅದೇ. ಅಮೆರಿಕದ ಗೋಧಿಯ ಜೊತೆ ಬಂತು ಅನ್ನುತ್ತಾರಲ್ಲ, ಆ ಗಿಡ. 1950ರ ದಶಕದ ಮಧ್ಯದಲ್ಲಿ ಅದು ಹರಡುತ್ತಿದೆ ಅಂತ ದೇಶದಲ್ಲಿ ಮೊದಲು ಗುರುತಿಸಿದ್ದು ಇದೇ ಪುಣೆಯಲ್ಲಿ. ಅದರಿಂದ ಚರ್ಮ ಕೆಡುವುದು ಇಲ್ಲಿನ ಡಾಕ್ಟರಿಗೆ ಹೊಸ ವಿಷಯವೇ ಅಲ್ಲ. ಆದರೂ ಪುಣೆಯಲ್ಲೇ ಕೂತು ಏಳು ಜನಕ್ಕೆ "ಯಾವ ತಿಂಗಳು ಬರುತ್ತದಮ್ಮಾ" ಅಂತ ಕೇಳಬೇಕು ಅನ್ನಿಸಲಿಲ್ಲ. ಈ ನೋವು ನನಗೆ ಇವತ್ತಿಗೂ ಹೋಗಿಲ್ಲ.

ಇಲ್ಲಿ ಕೆಲವರು ಹೇಳುತ್ತಾರೆ, ಡಾಕ್ಟರು ಕಡಿಮೆ, ಜನ ಜಾಸ್ತಿ, ಒಬ್ಬೊಬ್ಬರಿಗೆ ಎಷ್ಟು ಹೊತ್ತು ಕೊಡುತ್ತಾರೆ ಅಂತ. ಸರ್ಕಾರಿ ಆಸ್ಪತ್ರೆಯ ಮಟ್ಟಿಗೆ ಒಪ್ಪುತ್ತೇನೆ. ಅಲ್ಲಿ ಬೆಳಗಿನಿಂದ ನಿಂತೇ ಇರುವ ಡಾಕ್ಟರ್ ಹುಡುಗ ಹುಡುಗಿಯರನ್ನು ನೋಡಿದರೆ ಅಯ್ಯೋ ಅನ್ನಿಸುತ್ತದೆ. ಆದರೆ ನಾನು ಹೋಗಿದ್ದು ದುಡ್ಡು ಕೊಟ್ಟು, ಟೈಮ್ ತಗೊಂಡು. ಎಷ್ಟೋ ಕಡೆ ಮೂರು ವಾರ ಕಾದು. ಏಳು ಡಾಕ್ಟರು, ಎಷ್ಟೋ ಭೇಟಿ, ಕೊನೆಗೂ ಏನೂ ತಿಳಿಯಲಿಲ್ಲ. ಡಾಕ್ಟರಮ್ಮ ತಗೊಂಡಿದ್ದು ಒಂದು ಸಲ ಇಪ್ಪತ್ತೈದು ನಿಮಿಷ. ಯಾರು ಯಾರ ಹೊತ್ತು ಉಳಿಸಿದರು ಹೇಳಿ.

ಇನ್ನೊಂದು. ಈಗ ಸ್ಕಿನ್ ಕ್ಲಿನಿಕ್ ಅಂತ ಬೋರ್ಡ್ ಇರುವ ಕಡೆ ಹೋಗಿ ನೋಡಿ. ಲೇಸರ್, ಕೂದಲು, ಮದುಮಗಳ ಪ್ಯಾಕೇಜ್. ಅದು ತಪ್ಪು ಅಂತ ನಾನು ಹೇಳೋದಿಲ್ಲ, ಚೆಂದ ಕಾಣಬೇಕು ಅನ್ನುವ ಆಸೆ ಯಾರಿಗಿರುವುದಿಲ್ಲ. ಆದರೆ ಊದಿದ ಮುಖ ಹೊತ್ತು ನಾನು ಹೋದಾಗ ಕೌಂಟರ್‌ನ ಹುಡುಗಿ ಮೊದಲು ಫೇಶಿಯಲ್‌ನ ರೇಟ್ ಕಾರ್ಡ್ ಕೊಟ್ಟಳು. ಕೆರೆದು ಕೆರೆದು ರಕ್ತ ಬರುವವರು ಅಲ್ಲಿ ಯಾರ ಲೆಕ್ಕಕ್ಕೂ ಇಲ್ಲ. ನನ್ನ ಇನ್ಶೂರೆನ್ಸ್‌ನವರೂ ಒಂದು ರೂಪಾಯಿ ಕೊಡಲಿಲ್ಲ, ಆಸ್ಪತ್ರೆಯಲ್ಲಿ ಮಲಗಿದರೆ ಮಾತ್ರ ಅಂತೆ. ನೆಂಟರು ಒಬ್ಬರು ಮುಖದ ಮೇಲೇ ಹೇಳಿದ್ದರು, "ಚರ್ಮದ್ದು ತಾನೇ, ಅದೇನು ಸಾಯೋ ರೋಗವಾ?" ಅಂತ. ಸಾಯೋದಿಲ್ಲ, ನಿಜ. ಮಲಗೋಕೂ ಆಗೋದಿಲ್ಲ.

ಈಗ ಆ ಹುಡುಗಿಯ ಮಾತಿಗೆ ಬರುತ್ತೇನೆ. ಮೆಡಿಕಲ್ ಹೊರಗಿನ ಕಟ್ಟೆಯ ಮೇಲೆ ಕೂರಿಸಿ ಕೇಳಿದೆ. ಅವಳು ಒಮ್ಮೆ ತೋರಿಸಿದ್ದು ಇಲ್ಲಿಯ ದೊಡ್ಡ ಆಸ್ಪತ್ರೆಯಲ್ಲಿ. ಬೆಳಗ್ಗೆ ಎಂಟಕ್ಕೆ ಹೋಗಿ ಚೀಟಿ ಮಾಡಿಸಿ ನಿಂತಿದ್ದಾಳೆ. ಮರಾಠಿ ಬರುವುದಿಲ್ಲ ಅಂತ ಗಂಡನೂ ಜೊತೆಗೆ. ಇಬ್ಬರ ಪಗಾರವೂ ಹೋಯಿತು, ಅವಳದು ದಿನಕ್ಕೆ 550. ಒಂದು ಗಂಟೆಗೆ ಅವಳ ಪಾಳಿ ಬಂತು. ಏನಾಗಿದೆ ಅಂತ ಕೇಳಿದರಂತೆ, ಖಾಜ್, ಅಂದರೆ ತುರಿಕೆ, ಅಂದಳಂತೆ. ಬರೆದುಕೊಟ್ಟರಂತೆ. ಮುಗಿಯಿತು.

"ಸಿಮೆಂಟಿನ್ಯಾಗ ಕೆಲಸ ಮಾಡ್ತೀನಂತ ಹೇಳಿದೇನವ್ವಾ?" ಅಂದೆ.

"ಅವರು ಕೇಳಲಿಲ್ರಿ. ನಾ ಹೇಳಲಿಲ್ಲ."

ನಾನು ಡಾಕ್ಟರಲ್ಲ. ಅವಳ ಕೈಗೆ ಸಿಮೆಂಟೇ ಕಾರಣ ಅಂತ ನಾನು ಹೇಳಲಾರೆ. ಆದರೆ ಹಸಿ ಸಿಮೆಂಟ್ ಸುಣ್ಣದ ಹಾಗೆ ಚರ್ಮ ಸುಡುತ್ತದೆ. ಅದರಲ್ಲಿರುವ ಕ್ರೋಮಿಯಂನಿಂದ ಅಲರ್ಜಿ ಹತ್ತಿದರೆ ಸುಲಭಕ್ಕೆ ಬಿಡುವುದಿಲ್ಲ. ನನ್ನ ಬೆನ್ನಿಗೆ ಅಂಟಿಸಿದ ಬಿಲ್ಲೆಗಳಲ್ಲಿ ಅದರದೂ ಒಂದಿತ್ತು. ಯುರೋಪಿನಲ್ಲಿ 2005ರಿಂದ ಸಿಮೆಂಟಿನಲ್ಲಿ ಈ ಅಂಶ ಇಷ್ಟಕ್ಕಿಂತ ಜಾಸ್ತಿ ಇರಬಾರದು ಅಂತ ಮಿತಿ ಹಾಕಿದ್ದಾರೆ. ಫೆರಸ್ ಸಲ್ಫೇಟ್ ಬೆರೆಸಿ ಅದನ್ನು ತಗ್ಗಿಸುತ್ತಾರೆ. ಇವಳಿಗೆ ಗ್ಲೌಸ್ ಕೂಡ ಇಲ್ಲ. ಬರಿಗೈಯಲ್ಲಿ ಮಾಲು, ಅಂದರೆ ಕಲಸಿದ ಸಿಮೆಂಟ್, ಬುಟ್ಟಿಗೆ ತುಂಬುತ್ತಾಳೆ. ಸಂಜೆ ಬಂದು ಅದೇ ಕೈಗೆ ಟ್ಯೂಬ್ ಹಚ್ಚುತ್ತಾಳೆ, ಬೆಳಗ್ಗೆ ಮತ್ತೆ ಮಾಲು. ಹೀಗಿದ್ದರೆ ಯಾವ ಔಷಧಿ ತಾನೇ ನಾಟುತ್ತದೆ?

ಸ್ಟೀರಾಯ್ಡ್ ವಿಷ ಅಂತ ನಾನು ಹೇಳುತ್ತಿಲ್ಲ. ದಯವಿಟ್ಟು ಹಾಗೆ ಓದಬೇಡಿ, ಡಾಕ್ಟರ್ ಹೇಳಿದ್ದನ್ನು ಅರ್ಧಕ್ಕೆ ಬಿಡಲೂಬೇಡಿ. ನನಗೂ ಡಾಕ್ಟರಮ್ಮ ಕೊಟ್ಟರು, ಸೌಮ್ಯವಾದದ್ದು, ದಿನ ಎಣಿಸಿ, ಹಂತ ಹಂತವಾಗಿ ಕಡಿಮೆ ಮಾಡುತ್ತ. ಕಣ್ಣಿನ ಒತ್ತಡ ನೋಡಿಸಿಕೊಂಡು ಬಾ ಅಂತ ಕಳಿಸಿದರು. ಮುಖ ಮೊದಲಿನ ಹಾಗಾಗಲು ಒಂದೂವರೆ ವರ್ಷ ಹಿಡಿಯಿತು. ಸರಿಯಾಗಿ ನೋಡಿ ಕೊಟ್ಟರೆ ಅದೇ ಔಷಧಿ ಕಾಪಾಡುತ್ತದೆ.

ಒಂದು ವಿಷಯ ಇದುವರೆಗೆ ಯಾರಿಗೂ ಹೇಳಿಲ್ಲ. ಆ ವರ್ಷಗಳಲ್ಲಿ ನಮ್ಮ ಮನೆ ಕೆಲಸಕ್ಕೆ ಬರುತ್ತಿದ್ದ ಹೆಂಗಸಿನ ಮಗನಿಗೆ ತೊಡೆಯ ಮೇಲೆ ಹುಳುಕಡ್ಡಿ ಆಗಿತ್ತು. ನನ್ನ ಅರ್ಧ ಮುಗಿದ ಟ್ಯೂಬ್ ನಾನೇ ಕೊಟ್ಟೆ. ಪಾಪ, ಡಾಕ್ಟರಿಗೆ ಎಲ್ಲಿ ದುಡ್ಡು ಹಾಕುತ್ತಾಳೆ ಅಂತ. ನಾಲ್ಕು ದಿನಕ್ಕೆ ಕಡಿಮೆಯಾಯಿತು ಅಂತ ಖುಷಿಯಿಂದ ಹೇಳಿದಳು. ಎರಡು ತಿಂಗಳಿಗೆ ಹುಡುಗನ ಸೊಂಟ, ಹೊಟ್ಟೆ, ಬೆನ್ನಿಗೆಲ್ಲ ಹರಡಿತ್ತು. ಸ್ಟೀರಾಯ್ಡ್ ತುರಿಕೆಯನ್ನು ಮುಚ್ಚುತ್ತದೆ, ಒಳಗೆ ಫಂಗಸ್ ಬೆಳೆಯುತ್ತಲೇ ಇರುತ್ತದೆ ಅಂತ ಆಮೇಲೆ ತಿಳಿಯಿತು. ಅಷ್ಟೊತ್ತಿಗೆ ಅವರು ಮನೆ ಬದಲಿಸಿ ಹೋಗಿದ್ದರು. ಆ ಹುಡುಗ ಏನಾದನೋ ಗೊತ್ತಿಲ್ಲ. ನಿನ್ನೆ ಅಂಗಡಿಯವನ ಮೇಲೆ ರೇಗುವಾಗ ಅವನೇ ಕಣ್ಣ ಮುಂದೆ ಬಂದ.

ಆ ಹುಡುಗಿ ನಿನ್ನೆ ಟ್ಯೂಬ್ ತಗೊಂಡೇ ಹೋದಳು. ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ. ಬೇಡ ಅಂದು ರಾತ್ರಿಗೆ ಬೇರೆ ಏನು ಕೊಡಲಿ? ಡಾಕ್ಟರಮ್ಮ ಈಗ ಕ್ಲಿನಿಕ್ ಮುಚ್ಚಿ ಮಗನ ಹತ್ತಿರ ಹೋಗಿದ್ದಾರೆ.

ಅದಕ್ಕೇ ಕೇಳುತ್ತಿದ್ದೇನೆ. ಪಿಂಪ್ರಿ, ಚಿಂಚ್‌ವಡ್, ವಾಕಡ್, ಔಂಧ್ ಕಡೆ ಮುಟ್ಟಿ ನೋಡುವ, ನಾಲ್ಕು ಪ್ರಶ್ನೆ ಕೇಳುವ ಚರ್ಮದ ಡಾಕ್ಟರ್ ಯಾರಾದರೂ ಗೊತ್ತಿದ್ದರೆ ಕಾಮೆಂಟ್‌ನಲ್ಲಿ ಹೇಳಿ. ಕನ್ನಡ ಬಂದರೆ ಒಳ್ಳೆಯದು. ಬರದಿದ್ದರೂ ಪರವಾಗಿಲ್ಲ, ನಾನು ಜೊತೆಗೆ ಹೋಗುತ್ತೇನೆ, ಫೀಸ್ ನಾನು ನೋಡಿಕೊಳ್ಳುತ್ತೇನೆ. ಪ್ಯಾಚ್ ಟೆಸ್ಟ್ ಮಾಡುವವರಾದರೆ ಇನ್ನೂ ಒಳ್ಳೆಯದು. ಆದರೆ ಭಾನುವಾರ ನೋಡುವವರು ಬೇಕು. ಅವಳಿಗೆ ಭಾನುವಾರ ಮಧ್ಯಾಹ್ನ ಎರಡರ ಮೇಲೆ ಮಾತ್ರ ರಜೆ.