ಹಂತಕನಿಗೂ ಮಳೆಗಾಲದ ರಜೆ

ಹಂತಕರ ಕಾದಂಬರಿ ಕೈಗೆ ಬಂದರೆ ಕಾರವಾರದ ಕಡೆಯವರು ಎರಡನ್ನು ನೋಡಿದರೆ ಸಾಕು: ವಿಷ ಮತ್ತು ಕಡಲು. ಬಹಳಷ್ಟು ಪುಸ್ತಕಗಳು ಮೊದಲನೆಯದರಲ್ಲೇ ನಪಾಸು. ರುಚಿಯಿಲ್ಲದ, ವಾಸನೆಯಿಲ್ಲದ, ಗುಟುಕು ಇಳಿಯುವಷ್ಟರಲ್ಲಿ ಆಳನ್ನು ಮುಗಿಸುವ ವಿಷ ಅಲ್ಲಿ ಧಾರಾಳ. ನಮ್ಮ ಘಟ್ಟದ ಕಾಸರಕ ಮರದ ಬೀಜದಲ್ಲಿರುವ ಸ್ಟ್ರಿಕ್ನಿನ್ ವಿಷದ ಕಹಿ ಲಕ್ಷ ಪಾಲು ನೀರಿಗೆ ಒಂದು ಪಾಲು ಬಿದ್ದರೂ ನಾಲಿಗೆಗೆ ತಿಳಿಯುತ್ತದೆ. (ದಾಂಡೇಲಿಯ ಮಂಗಟ್ಟೆಗಳು ಅದರ ಹಣ್ಣನ್ನೇ ನುಂಗಿ ಆರಾಮಾಗಿರುತ್ತವೆ, ಅದು ಬೇರೆ ಮಾತು.)

ರಾಬಿನ್ ಹಾಬ್ ಅವರ ಮೂರು ಭಾಗಗಳ ಇಂಗ್ಲಿಷ್ ಫ್ಯಾಂಟಸಿ ಕಾದಂಬರಿಯ ಮೊದಲ ಭಾಗ 'ಅಸಾಸಿನ್ಸ್ ಅಪ್ರೆಂಟಿಸ್' (1995) ಇಲ್ಲಿ ಪಾಸಾಗುತ್ತದೆ, ಅದರಲ್ಲಿ ಕೊಲೆಗಿಂತ ಕಲಿಕೆಯೇ ಹೆಚ್ಚು. ಫಿಟ್ಜ್ ರಾಜಕುಮಾರನಿಗೆ ಮದುವೆಯಾಚೆ ಹುಟ್ಟಿದ ಮಗ. ಆರನೆಯ ವಯಸ್ಸಿಗೆ ಕೋಟೆಯ ಕುದುರೆಲಾಯ ಸೇರುತ್ತಾನೆ. ಮುಂದೆ ರಾತ್ರಿ ಹೊತ್ತು ಗುಪ್ತ ಮೆಟ್ಟಿಲು ಹತ್ತಿ ರಾಜನ ಹಂತಕನಾದ ಮುದುಕ ಚೇಡ್‌ನ ಬಳಿ ಪಾಠ: ಗಿಡಮೂಲಿಕೆ, ಸದ್ದಿಲ್ಲದ ನಡಿಗೆ, ಸಣ್ಣಪುಟ್ಟ ಕಳವು. ಒಮ್ಮೆ ರಾಜನ ಕೋಣೆಯಿಂದಲೇ ಏನಾದರೂ ಎತ್ತಿಕೊಂಡು ಬಾ ಎಂದಾಗ ಹುಡುಗ ಒಲ್ಲೆ ಎನ್ನುತ್ತಾನೆ. ಆಮೇಲೆ ಗುರುವಿನ ಕರೆಯೇ ಬಾರದ ರಾತ್ರಿಗಳಿವೆಯಲ್ಲ, ಕತ್ತಿ ಕಾಳಗದ ನೂರು ಪುಟ ಅದರ ಮುಂದೆ ಸಪ್ಪೆ.

ಕಡಲಂತೂ ಪಕ್ಕಾ. ಕೆಂಪು ಹಡಗಿನ ದರೋಡೆಕೋರರು ಕರಾವಳಿಯ ಊರುಗಳಿಗೆ ನುಗ್ಗುತ್ತಾರೆ, ಚಳಿಗಾಲದ ಬಿರುಗಾಳಿ ಎದ್ದರೆ ಅವರ ಹಾವಳಿಯೂ ತಣ್ಣಗಾಗುತ್ತದೆ. ಮಳೆಗಾಲದ ಮೀನುಗಾರಿಕೆ ನಿಷೇಧಕ್ಕೆ ಜೂನ್ 1ರಿಂದ ಜುಲೈ 31ರವರೆಗೆ ಕಾರವಾರದ ಬೈತಖೋಲ ಬಂದರಿನಲ್ಲಿ ಸಾಲಾಗಿ ನಿಂತ ಟ್ರಾಲರ್‌ಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಈ ಕಳ್ಳರ ಬೆದರಿಕೆ ಮಾತ್ರ ಎಲ್ಲೂ ಕೇಳದ್ದು. ಹಣ ಕೊಡದಿದ್ದರೆ ಒತ್ತೆಯಾಳುಗಳನ್ನು ಕೊಲ್ಲುತ್ತೇವೆ ಎನ್ನುವುದಿಲ್ಲ, ವಾಪಸು ಕಳಿಸುತ್ತೇವೆ ಎನ್ನುತ್ತಾರೆ! ಮರಳಿದವರಿಗೆ ಹೆಂಡತಿ ಮಕ್ಕಳ ಗುರುತಿದೆ, ಮಮತೆಯಿಲ್ಲ, ನಾಚಿಕೆಯೂ ಇಲ್ಲ. ಹಂತಕನಿಗೆ ನಿಜವಾದ ಕೆಲಸ ಹುಟ್ಟುವುದೇ ಅಲ್ಲಿ.

ಕೊರತೆ ಇಲ್ಲವೆಂದಲ್ಲ. ಖಳನಾದ ರಾಜಕುಮಾರ ರೀಗಲ್ ಕಾಲಿಟ್ಟ ಗಳಿಗೆಯಲ್ಲೇ ಖಳನೆಂದು ಗೊತ್ತಾಗುತ್ತದೆ; ಅರಮನೆಯವರಿಗೆ ಮಾತ್ರ ಗೊತ್ತಾಗುವುದಿಲ್ಲ. ಪ್ರತಿ ಅಧ್ಯಾಯದ ತಲೆಯ ಮೇಲಿರುವ ಇತಿಹಾಸದ ತುಣುಕನ್ನು ಹಾರಿಸುವವರು ಮುಂದೆ ರಾಜಮನೆತನದ ಮಂತ್ರವಿದ್ಯೆ ಅರ್ಥವಾಗದೆ ತಡಕಾಡುತ್ತಾರೆ. 1996ರ ಎರಡನೆಯ ಭಾಗ ಮೊದಲನೆಯದರ ಬೆನ್ನಿಗೇ ಶುರು, ನಡುವೆ ವರ್ಷ ಬಿಟ್ಟು ಓದುವ ಪುಸ್ತಕವಲ್ಲ. 1997ರ ಮೂರನೆಯದು ದೇವಿಮನೆ ಘಟ್ಟದಲ್ಲಿ ಲಾರಿಯ ಹಿಂದೆ ಸಿಕ್ಕಿಬಿದ್ದ ಬಸ್ಸು: ನಡಿಗೆ, ಮತ್ತೆ ನಡಿಗೆ. ನೈಟ್‌ಐಸ್ ಎಂಬ ಆ ತೋಳ ಜೊತೆಗಿರದಿದ್ದರೆ ಅರ್ಧ ದಾರಿಗೇ ಇಳಿದುಬಿಡಬಹುದಿತ್ತು.