ಮೇಲೆ ಥಳುಕು ಒಳಗೆ ಹುಳುಕು, ಇದಕ್ಕೆ ಪೇಂಟ್ ಕರೆಕ್ಷನ್ ಅಂತ ಬಿಲ್ಲು ಬೇರೆ

ಕಾರನ್ನ ಡೀಟೇಲಿಂಗ್ ಅಂಗಡಿಗೆ ಬಿಟ್ಟಿದ್ದೆ. ಬಿಲ್ಲಲ್ಲಿ ದಪ್ಪಕ್ಷರದಲ್ಲಿ ಹಾಕಿದಾರೆ, ಟೂ ಸ್ಟೇಜ್ ಪೇಂಟ್ ಕರೆಕ್ಷನ್, ಅಂದ್ರೆ ಮೆಷಿನ್ನಲ್ಲಿ ಎರಡು ಹಂತದಲ್ಲಿ ಉಜ್ಜಿ ಗೀರು ತೆಗೆಯೋದು, ಮೇಲೆ ಪೇಂಟ್ ಕಾಪಾಡೋಕೆ ಎರಡು ಲೇಯರ್ ಸೆರಾಮಿಕ್ ಕೋಟಿಂಗ್ ಅಂತ. ಎಲ್ಲಿ ಸ್ವಾಮಿ ಕರೆಕ್ಷನ್ನು? ಬಿಸಿಲಿಗೆ ನಿಲ್ಸಿದ್ರೆ ಬಾನೆಟ್ ತುಂಬಾ ಅದೇ ಹಳೇ ಸುತ್ತು ಸುತ್ತು ಗೀರು, ಜೊತೆಗೆ ಇವರು ಮೆಷಿನ್ ಅಡ್ಡಾದಿಡ್ಡಿ ಓಡಿಸಿ ಹೊಸದಾಗಿ ಕೊಟ್ಟಿರೋ ಹಾಲೋಗ್ರಾಮು ಅನ್ನೋ ಪಾಲಿಶ್ ಗೆರೆಗಳು, ನಾವು ಕಾರಿನ ಪಕ್ಕ ನಡೆದ ಹಾಗೆ ಅವೂ ಬೆಳಕಲ್ಲಿ ಜೊತೇಲೇ ಸರಿದಾಡುತ್ವೆ. ಬಿಟ್ಟಾಗ ಒಂದೇ ಕಾಯಿಲೆ ಇತ್ತು, ವಾಪಸ್ ಬರೋವಾಗ ಎರಡಾಗಿತ್ತು.

ಕಾರು ಹಾಳಾಗಿತ್ತು, ಒಪ್ತೀನಿ. ನನಗಿಂತ ಮುಂಚೆ ಇಟ್ಕೊಂಡಿದ್ದೋರು ಮರದ ಕೆಳಗೆ ನಿಲ್ಸಿ ವರ್ಷಗಟ್ಟಲೆ ಸರಿಯಾಗಿ ತೊಳೆದೇ ಇಲ್ಲ. ಕಪ್ಪು ಬಣ್ಣ ಬೇರೆ, ಸಣ್ಣದೂ ಎದ್ದು ಕಾಣುತ್ತೆ. ಹಕ್ಕಿ ಹಿಕ್ಕೆ ಕೂತು ಕೂತು ಬಣ್ಣದ ಮೇಲಿನ ಪಾರದರ್ಶಕ ಪದರ ಕ್ಲಿಯರ್ ಕೋಟನ್ನ ತಿಂದಿರೋ ಗುರುತು, ಮರದ ಅಂಟು, ರೂಫ್ ಮೇಲೆ ನೀರು ಒಣಗಿ ಉಳಿದಿರೋ ಬಿಳಿ ಉಂಗುರಗಳು, ಧೂಳು ಕೂತಿರೋ ಹಾಗೇ ಒಣಬಟ್ಟೆ ಎಳೆದೂ ಎಳೆದೂ ಬಂದಿರೋ ಸ್ವರ್ಲ್ ಮಾರ್ಕು, ಅದೇ ಆ ಸುತ್ತು ಸುತ್ತು ಗೀರು. ಹಿಂಗಿರೋ ಕಾರನ್ನೇ ತಾನೇ ಡೀಟೇಲಿಂಗ್‌ಗೆ ಕೊಡೋದು? ಈಗ ಹೋಗಿ ಕೇಳಿದ್ರೆ "ನಿಮ್ ಕಾರ್ ಕಂಡೀಷನ್ನೇ ಹಂಗಿತ್ತಲ್ಲ ಸಾರ್" ಅಂತಾರೆ. ಹಂಗಿದ್ದಿದ್ದಕ್ಕೇ ಅಲ್ವೇನಪ್ಪಾ ದುಡ್ಡು ಕೊಟ್ಟಿದ್ದು!

ಮತ್ತೆ ಕೆಲಸ ಗೊತ್ತಿಲ್ಲದೆ ಮಾಡಿದ್ದಾರೆ ಅಂತ ನಾನು ನಂಬಲ್ಲ, ಗೊತ್ತಿದ್ದೂ ಬಿಟ್ಟಿರೋದು. ಮೊದಲು ಚೆನ್ನಾಗಿ ತೊಳೀಬೇಕು, ಆಮೇಲೆ ಐರನ್ ರಿಮೂವರ್ ಹೊಡೆದು ಬ್ರೇಕ್ ಡಸ್ಟ್ ನೇರಳೆ ಬಣ್ಣಕ್ಕೆ ತಿರುಗಿ ಇಳಿಯೋದನ್ನ ನೋಡ್ಬೇಕು, ಆಮೇಲೆ ಜಾರೋಕೆ ಲೂಬ್ ಹಾಕ್ಕೊಂಡು, ಅಂಟಿರೋ ತರಿ ಎತ್ತೋ ಮೆತ್ತನೆ ಕ್ಲೇ ಬಾರ್ ಉಜ್ಜಬೇಕು, ಪ್ಲಾಸ್ಟಿಕ್ಕು ರಬ್ಬರ್ರು ಅಂಚುಗಳಿಗೆಲ್ಲ ಟೇಪ್ ಹಾಕ್ಬೇಕು, ಒಂದು ಮೂಲೇಲಿ ಟೆಸ್ಟ್ ಸ್ಪಾಟ್ ಮಾಡಿ ಯಾವ ಪ್ಯಾಡು ಯಾವ ಕಾಂಪೌಂಡು (ಗೀರು ಉಜ್ಜೋ ಪೇಸ್ಟು) ಅಂತ ನೋಡ್ಕೊಂಡು ಆಮೇಲೆ ತಾನೇ ಪೂರ್ತಿ ಕಾರಿಗೆ ಕೈ ಹಾಕೋದು. ಇಲ್ಲಿ ಕ್ಲೇ ಮಾಡೇ ಇಲ್ಲ ಅನ್ನೋದಕ್ಕೆ ಸಾಕ್ಷಿ ಬೇಕಾ, ಕೈಗೆ ತೆಳು ಪ್ಲಾಸ್ಟಿಕ್ ಕವರ್ ಹಾಕ್ಕೊಂಡು ಡಿಕ್ಕಿ ಮೇಲೆ ಮೆಲ್ಲಗೆ ಸವರಿ ನೋಡಿ, ತರಿತರಿ ಸಿಗುತ್ತೆ. ಆ ತರಿ ಮೇಲೇ ಕೋಟಿಂಗ್ ಬಳಿದಿದಾರೆ. ಟೇಪಂತೂ ಕೇಳ್ಬೇಡಿ, ಕಿಟಕಿ ರಬ್ಬರ್ ಸಂದಿಲಿ, ಹಿಂದಿನ ಬ್ಯಾಡ್ಜ್ ಅಕ್ಷರಗಳ ಮಧ್ಯೆ ಕಾಂಪೌಂಡ್ ಒಣಗಿ ಬೆಳ್ಳಗೆ ಗಟ್ಟಿಯಾಗಿ ಕೂತಿದೆ, ಟೂತ್‌ಬ್ರಶ್ ಹಿಡ್ಕೊಂಡು ನಾನು ಕೆರೀತಾ ಕೂತಿದೀನಿ.

ಕೊಟ್ಟ ದಿನ ಮಾತ್ರ ಏನು ಹೊಳಪು ಅಂತೀರಾ! ಒಳಗಡೆ ಲೈಟ್ ಕೆಳಗೆ ಮುಖ ಕಾಣ್ತಿತ್ತು. ಅದು ಗ್ಲೇಜು ಕಣ್ರೀ. ಎಣ್ಣೆ, ಫಿಲ್ಲರ್ ಇರೋ ಪಾಲಿಶ್ ಹಚ್ಚಿ ಗೀರನ್ನ ತುಂಬಿಸ್ತಾರೆ, ಗೀರು ಎಲ್ಲೂ ಹೋಗಿರಲ್ಲ, ಗೋಡೆ ಬಿರುಕಿಗೆ ಕ್ಯಾಲೆಂಡರ್ ನೇತಾಕಿದ ಹಾಗೆ. ಅದಕ್ಕೇ ಕೋಟಿಂಗ್‌ಗೆ ಮುಂಚೆ ಆಲ್ಕೋಹಾಲ್ ಇರೋ ಪ್ಯಾನೆಲ್ ವೈಪ್‌ನಲ್ಲಿ ಒರ್ಸಿ ನೋಡೋದು, ಎಣ್ಣೆ ಹೋದ್ಮೇಲೆ ನಿಜವಾದ ಪೇಂಟ್ ಏನಾಗಿದೆ ಅಂತ ಕಾಣುತ್ತೆ, ಕೋಟಿಂಗೂ ಸರಿಯಾಗಿ ಹಿಡಿಯುತ್ತೆ. ಇವರು ಒರ್ಸಿದ್ರೆ ಬಂಡವಾಳ ಬಯಲಾಗ್ತಿತ್ತು, ಒರ್ಸಿಲ್ಲ. ಈಗ ಮಳೇಲಿ ನೋಡಿದ್ರೆ ಬಾನೆಟ್ ಎಡಭಾಗದಲ್ಲಿ ನೀರು ಮುತ್ತಿನ ತರ ಉರುಳುತ್ತೆ, ಬಲಭಾಗದಲ್ಲಿ ಚಪ್ಪಟೆಯಾಗಿ ಹರಡ್ಕೊಂಡು ಅಲ್ಲೇ ಕೂರುತ್ತೆ. ಬಾಗಿಲ ಮೇಲೆ ಕೋಟಿಂಗ್ ಹೆಚ್ಚಾದ ಕಡೆ ಟೈಮಿಗೆ ಸರಿಯಾಗಿ ಒರ್ಸದೆ ಕಾಮನಬಿಲ್ಲು ಬಣ್ಣದ ತೇಪೆ ಹಾಗೇ ಒಣಗಿದೆ, ಇನ್ನು ಬಟ್ಟೇಲಿ ಒರ್ಸಿದ್ರೆ ಹೋಗಲ್ಲ, ಮತ್ತೆ ಪಾಲಿಶೇ ಮಾಡ್ಬೇಕು.

ಇನ್ನೊಂದು ಹೇಳಿದ್ರೆ ನಗ್ತೀರ. ಕೋಟಿಂಗ್ ಹಾಕಿದ್ಮೇಲೆ ಕನಿಷ್ಠ ಒಂದು ದಿನ ನೀರು ಸೋಕಿಸಬಾರದು, ಒಂದು ವಾರ ಶಾಂಪೂ ಹಾಕಿ ತೊಳೀಬಾರದು ಅಂತ ಕೋಟಿಂಗ್ ತಯಾರಿಸೋರೇ ಸಾಮಾನ್ಯವಾಗಿ ಹೇಳ್ತಾರೆ. ಈ ಮಹಾನುಭಾವರು ಹಾಕಿದ ಸಂಜೇನೇ ಪೈಪ್ ತಗೊಂಡು ನೀರು ಹಾಯಿಸಿ ರೀಲ್ಸ್ ಮಾಡ್ಕೊಂಡಿದಾರೆ, ನನ್ನ ಕಾರಲ್ಲಿ! ಹಾಡು ಬೇರೆ ಹಾಕಿದಾರೆ ಅದಕ್ಕೆ.

ಈ 9ಎಚ್ ಅನ್ನೋ ಕತೆ ಯಾರು ಶುರು ಮಾಡಿದ್ರೋ. "ಡೈಮಂಡ್ ಲೆವೆಲ್ ಸಾರ್, ಗೀರೇ ಬೀಳಲ್ಲ" ಅಂತಾರೆ. ಅದು ಪೆನ್ಸಿಲ್ ಟೆಸ್ಟ್ ಅಳತೆ, ಪೆನ್ಸಿಲ್ ಲೆಡ್ಡಿನ ಗಟ್ಟಿತನ. ವಜ್ರ 10 ಅನ್ನೋದು ಮೋಸ್ ಅಂತ ಬೇರೇನೇ ಒಂದು ಅಳತೆ, ಎರಡಕ್ಕೂ ಸಂಬಂಧ ಇಲ್ಲ. ಕೋಟಿಂಗ್ ದಪ್ಪ ಇರೋದೇ ಹೆಚ್ಚೂಕಮ್ಮಿ ಒಂದೆರಡು ಮೈಕ್ರಾನು, ಅದು ಕಲ್ಲೇಟು ತಡೆಯುತ್ತಾ? ಕಲ್ಲಿಗೆ ಪಿಪಿಎಫ್, ಅಂದ್ರೆ ಪೇಂಟ್ ಪ್ರೊಟೆಕ್ಷನ್ ಫಿಲ್ಮ್ ಬೇಕು, ಅದು 150–200 ಮೈಕ್ರಾನ್ ದಪ್ಪ ಇರೋ ಫಿಲ್ಮು. ಕೋಟಿಂಗ್ ದಂಡ ಅಂತ ನಾನು ಹೇಳ್ತಿಲ್ಲ, ಸರಿಯಾಗಿ ಹಾಕಿದ್ರೆ ಕೊಳೆ ಸುಲಭವಾಗಿ ಬಿಡುತ್ತೆ, ಹೊಳಪು ಉಳಿಯುತ್ತೆ. ಆದ್ರೆ ಅದು ಕೆಳಗೆ ಏನಿದೆಯೋ ಅದನ್ನೇ ಹಾಗೇ ಸೀಲ್ ಮಾಡೋದು, ಗೀರು ತೆಗೆಯೋದು ಮೆಷಿನ್ ಹಿಡಿದೋನ ಕೈ. ದುಡ್ಡು ಕೊಡೋದು ಆ ಕೈಗೆ, ಇವರು ಮಾರೋದು ಬಾಟಲಿ. ವಾರಂಟಿ ಕಾರ್ಡ್ ತಿರುಗಿಸಿ ಓದಿದ್ರೆ ಗೀರು ವಾರಂಟಿ ಲೆಕ್ಕಕ್ಕೆ ಬರಲ್ಲ, ಹಕ್ಕಿ ಹಿಕ್ಕೆ ಬರಲ್ಲ, ನೀರಿನ ಕಲೆ ಬರಲ್ಲ, ಅವರ ಹತ್ರಾನೇ ಆಗಾಗ ದುಡ್ಡು ಕೊಟ್ಟು ಮೇಂಟೆನೆನ್ಸ್ ಮಾಡ್ಸದಿದ್ರೆ ವಾರಂಟೀನೇ ಇಲ್ಲ. ಇನ್ನೇನು ಉಳೀತು, ಕಾರ್ಡ್ ಮಾತ್ರ.

ಇದೆಲ್ಲ ಹೋಗ್ಲಿ ಅಂದ್ರೂ ಹೊಟ್ಟೆ ಉರಿಯೋದು ಎಡಗಡೆ ಫೆಂಡರ್ ನೋಡಿದಾಗ. ಅಂಚಿನ ಗೆರೆ ಮೇಲೆ ರೋಟರಿ ಮೆಷಿನ್ ಒತ್ತಿ ಹಿಡಿದು ಸುಟ್ಟಾಕಿದಾರೆ, ಹೆಬ್ಬೆರಳಗಲ ಹೊಳಪೇ ಇಲ್ಲ, ನಡುವೆ ಪ್ರೈಮರ್ ಬೂದಿ ಬಣ್ಣ ಇಣುಕ್ತಿದೆ. ಎಷ್ಟೋ ಕಾರುಗಳಲ್ಲಿ ಫ್ಯಾಕ್ಟರಿ ಪೇಂಟ್ ಎಲ್ಲ ಪದರ ಸೇರಿ 100–150 ಮೈಕ್ರಾನ್, ಅದರಲ್ಲಿ ಕ್ಲಿಯರ್ ಕೋಟ್ 40–50 ಇದ್ರೆ ಪುಣ್ಯ, ಅಂಚಲ್ಲಂತೂ ಇನ್ನೂ ತೆಳು. "ಪೇಂಟ್ ದಪ್ಪ ಗೇಜ್ ಇಟ್ಟು ಅಳೆದ್ರಾ?" ಅಂತ ಕೇಳಿದ್ರೆ ಅಲ್ಲಿರೋ ಹುಡುಗ ಏನಂತಾನೆ ಗೊತ್ತಾ, "ಎಕ್ಸ್‌ಪೀರಿಯನ್ಸ್ ಇದೆಯಣ್ಣ, ಕಣ್ಣಲ್ಲೇ ಗೊತ್ತಾಗುತ್ತೆ." ಮೈಕ್ರಾನು ಕಣ್ಣಲ್ಲಿ! ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಕಣ್ಣಲ್ಲಿ!

ಫ್ರೀಯಾಗಿ ಇನ್ನೊಂದು ಕೋಟ್ ಹಾಕ್ಕೊಡ್ತೀವಿ ಬನ್ನಿ ಅಂತ ಓನರ್ ಫೋನ್ ಮಾಡಿದ್ರು. ಏನ್ ಸ್ವಾಮಿ ತಮಾಷೆನಾ? ಇರೋ ಕೋಟಿಂಗ್ ತೆಗೆಯೋಕೂ ಕಾಂಪೌಂಡೇ ಹಾಕ್ಬೇಕು, ಪ್ರತಿ ಸಲ ಕ್ಲಿಯರ್ ಕೋಟ್ ಇನ್ನಷ್ಟು ಸವೆಯುತ್ತೆ, ದುಡ್ಡಾದ್ರೆ ವಾಪಸ್ ಬರುತ್ತೆ, ಉಜ್ಜಿ ಹಾಕಿದ ಕ್ಲಿಯರ್ ಯಾರು ತಂದು ಕೊಡ್ತಾರೆ? ಬೇರೆ ಕಡೆ ತೋರಿಸ್ದೆ, ಆ ಮನುಷ್ಯ ಒಂದು ಮಾತಾಡೋಕೆ ಮುಂಚೆ ಗೇಜ್ ತೆಗೆದು ಒಂದೊಂದೇ ಪ್ಯಾನೆಲ್ ಅಳೆದು, ಬಾಕಿ ಕಡೆ ಹಗುರವಾಗಿ ಪಾಲಿಶ್ ಮಾಡ್ಬಹುದು, ಹಕ್ಕಿ ಹಿಕ್ಕೆ ಗುರುತು ಕೆಲವು ಆಳ ಹೋಗಿದೆ ಅದನ್ನ ಪೂರ್ತಿ ತೆಗೆಯೋಕೆ ಹೋಗ್ಬೇಡಿ, ಫೆಂಡರ್ ಮಾತ್ರ ರೀಪೇಂಟೇ ಗತಿ ಅಂದ್ರು. ಮೊದಲನೇ ಕಡೇನೂ ಹಿಂಗೇ ಮುಖಕ್ಕೆ ಹೊಡೆದ ಹಾಗೆ ಹೇಳಿದ್ರೆ ಸಾಕಿತ್ತು, ನಾನೇನು ಶೋರೂಮ್ ಕಾರು ಕೇಳಿದ್ನಾ.

ಫೆಂಡರ್ ರೀಪೇಂಟ್ ಖರ್ಚು ನೀವೇ ಕೊಡ್ಬೇಕು ಅಂದಿದ್ದಕ್ಕೆ ಅದು ಮೊದಲೇ ಇತ್ತು ಅಂತ ಹೊಸ ರಾಗ. ಕಾರು ಬಿಡೋ ಮುಂಚೆ ಸುತ್ತ ತೆಗೆದ ಫೋಟೋ ನನ್ನ ಹತ್ರ ಇದೆ, ಆ ಅಂಚಲ್ಲಿ ಗೀರು ಇದೆ ಕೊಳೆ ಇದೆ, ಪೇಂಟೂ ಇದೆ. ಕಳ್ಸಿದೀನಿ. ನೋಡಿದಾರೆ, ನೀಲಿ ಟಿಕ್ ಬಿದ್ದಿದೆ, ಉತ್ತರ ಇಲ್ಲ. ರೀಲ್ಸ್‌ನಲ್ಲಿ ಮಾತ್ರ ನನ್ನ ಕಾರು ಇನ್ನೂ ಓಡ್ತಾ ಇದೆ, ತೆಗೀರಿ ಅಂದ್ರೂ ತೆಗೆದಿಲ್ಲ, ಬಲಗಡೆಯಿಂದ ಮಾತ್ರ ತೋರ್ಸಿದಾರೆ ಕಳ್ ನನ್ ಮಕ್ಳು.